ಸೊನ್ನೆಯಲ್ಲೇ ಮುಗಿಯುತ್ತಿದ್ದ ಸಂಖ್ಯೆಗಳು: ಮನೆಯಲ್ಲಿ ಬಿಪಿ ಬರೆದಿಟ್ಟ ಒಬ್ಬರ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ವ್ಯಕ್ತಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಊರಿನವರೆಲ್ಲ ಕರೆಯುವಂತೆ ಅವರನ್ನು ನಾನೂ ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ವಯಸ್ಸು, ಕುಟುಂಬ, ಸ್ಥಳಕ್ಕೆ ಸೇರಿದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ಅರವತ್ಮೂರು ವರ್ಷ. ಮಲೆನಾಡಿನ ಒಂದು ತಾಲೂಕು ಕೇಂದ್ರದ ಅಂಚಿನಲ್ಲಿ ಹೆಂಚಿನ ಮನೆ, ಹಿತ್ತಲಲ್ಲಿ ನಾಲ್ಕು ಸಾಲು ಅಡಿಕೆ, ಕೊಟ್ಟಿಗೆಯಲ್ಲಿ ಒಂದು ಹಸು. ಪತಿ ತೀರಿಕೊಂಡು ಆರು ವರ್ಷವಾಗಿತ್ತು. ಒಬ್ಬನೇ ಮಗ ಬೆಂಗಳೂರಿನಲ್ಲಿದ್ದಾನೆ. ರಕ್ತದೊತ್ತಡ ಹೆಚ್ಚಿದೆ ಎಂದು ಗೊತ್ತಾಗಿ ಎಂಟು ವರ್ಷ. ಸಕ್ಕರೆ ಕಾಯಿಲೆ ಇಲ್ಲ, ಹೃದಯದ ತೊಂದರೆ ಅಲ್ಲಿಯವರೆಗೆ ಕಂಡಿರಲಿಲ್ಲ.

ಜೂನ್ ತಿಂಗಳಲ್ಲಿ ನಮ್ಮ ಕ್ಲಿನಿಕ್‌ಗೆ ಮೊದಲು ಬಂದಾಗ ಅವರ ಒತ್ತಡ 168/96 ಇತ್ತು. ಒತ್ತಡ ಇಳಿಸುವ ಅಮ್ಲೋಡಿಪಿನ್ ಮಾತ್ರೆಯನ್ನು 5 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದರು. ನಾನು ಅದನ್ನು 10ಕ್ಕೆ ಏರಿಸಿದೆ. ಒಂದೇ ದಿನದ ಒಂದೇ ಅಳತೆಯ ಮೇಲೆ ಮಾಡಿದ ತೀರ್ಮಾನ ಅದು. ಹೊರಗೆ ಮೂವತ್ತು ಜನ ಕಾಯುತ್ತಿದ್ದುದು ಅದಕ್ಕೆ ಕಾರಣವಿರಬಹುದು, ಸಮರ್ಥನೆಯಾಗದು. ಮನೆಯಲ್ಲಿ ಬೆಳಿಗ್ಗೆ ಸಂಜೆ ಅಳೆದು ಬರೆದಿಡಿ ಎಂದೆ. ಅವರ ಮಗ ತೋಳಿಗೆ ಪಟ್ಟಿ ಸುತ್ತುವ ಒಳ್ಳೆಯ ಡಿಜಿಟಲ್ ಯಂತ್ರವೊಂದನ್ನು ತಂದುಕೊಟ್ಟ. ಬರೆದು ತಂದ ಸಂಖ್ಯೆಯನ್ನು ನೋಡಿ ನಾನು ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಎಂಬುದನ್ನು ಮಾತ್ರ ನಾನು ಅವರಿಗೆ ಹೇಳಲಿಲ್ಲ. ಮುಂದಿನದೆಲ್ಲ ಆ ಒಂದು ಮೌನದಿಂದ ಹುಟ್ಟಿತು ಎಂದು ಈಗ ಅನ್ನಿಸುತ್ತದೆ.

ಎರಡು ಲೆಕ್ಕ

ಆಗಸ್ಟ್‌ನಲ್ಲಿ ಟೀಚರ್ ಬಂದಾಗ ಕೈಯಲ್ಲಿ ಕಂದು ಕಾಗದದ ಹೊದಿಕೆ ಹಾಕಿದ ನೋಟ್ ಪುಸ್ತಕ ಇತ್ತು. ಸ್ಕೇಲು ಹಿಡಿದು ಎಳೆದ ಗೆರೆಗಳು, ದಿನಾಂಕ, ಸಮಯ, ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ, ಎಲ್ಲವೂ ದುಂಡು ಅಕ್ಷರದಲ್ಲಿ. 130/80, 120/80, 130/70, 130/80. ನಮ್ಮಲ್ಲಿ ಅಳೆದರೆ 158/92. ಅಕ್ಟೋಬರ್‌ನಲ್ಲಿಯೂ ಹೀಗೆಯೇ: ಪುಸ್ತಕದಲ್ಲಿ 130, ಕ್ಲಿನಿಕ್‌ನಲ್ಲಿ 162. ಡಿಸೆಂಬರ್‌ನಲ್ಲಿಯೂ ಹೀಗೆಯೇ.

ಇಂಥ ವ್ಯತ್ಯಾಸಕ್ಕೆ ನಮಗೆ ಕಲಿಸಿಕೊಟ್ಟ ಉತ್ತರವೊಂದಿದೆ. ವೈದ್ಯರ ಎದುರು ಕೂತಾಗ ಮಾತ್ರ ಏರುವ, ಮನೆಯಲ್ಲಿ ಸರಿಯಾಗಿರುವ ಒತ್ತಡವನ್ನು ಬಿಳಿಕೋಟಿನ ರಕ್ತದೊತ್ತಡ ಎನ್ನುತ್ತೇವೆ. ಕ್ಲಿನಿಕ್‌ನಲ್ಲಿ ಗಡಿ 140/90, ಮನೆಯ ಸರಾಸರಿಗೆ 135/85. ಎರಡೂ ಹೊಂದದಿದ್ದರೆ ಮನೆಯ ಸರಾಸರಿಯನ್ನೇ ಹೆಚ್ಚು ನಂಬಬೇಕು, ಪಾರ್ಶ್ವವಾಯು, ಹೃದಯಾಘಾತಗಳ ಅಪಾಯವನ್ನು ಅದು ಹೆಚ್ಚು ಸರಿಯಾಗಿ ಸೂಚಿಸುತ್ತದೆ ಎಂಬುದು ವೈದ್ಯಲೋಕ ಒಪ್ಪಿದ ಮಾತು. ನಾನು ಅದನ್ನೇ ಪಾಲಿಸಿದೆ. ಮೂರು ಭೇಟಿಗಳಲ್ಲಿ ಔಷಧ ಬದಲಿಸಲಿಲ್ಲ. "ನಿಮ್ಮ ಪುಸ್ತಕ ನೋಡಿದರೆ ಸಂತೋಷವಾಗುತ್ತದೆ ಟೀಚರ್" ಎಂದು ಹೇಳಿದ್ದೂ ನೆನಪಿದೆ.

ಕಣ್ಣೆದುರು ಇದ್ದ ಒಂದು ಸುಳಿವನ್ನು ನಾನು ನೋಡಲಿಲ್ಲ. ನನಗೆ ತೋರಿಸಿದ ಪುಟಗಳ ಪ್ರತಿಯೊಂದು ಸಂಖ್ಯೆಯೂ ಸೊನ್ನೆಯಲ್ಲಿ ಮುಗಿಯುತ್ತಿತ್ತು. ಪಾದರಸದ ಹಳೆಯ ಉಪಕರಣದ ಮೇಲೆ ಗೆರೆಗಳಿರುವುದು ಎರಡೆರಡು ಮಿಲಿಮೀಟರಿಗೆ. ಅದನ್ನು ಕಣ್ಣಿನಲ್ಲಿ ಓದುವವರು ಹತ್ತಿರದ ಸೊನ್ನೆಗೆ ಇಳಿಸಿ ಬರೆಯುವ ಅಭ್ಯಾಸ ವೈದ್ಯರಲ್ಲಿಯೇ ಇದೆ. ಡಿಜಿಟಲ್ ಯಂತ್ರಕ್ಕೆ ಸೊನ್ನೆಯ ಮೇಲೆ ಅಂಥ ಪ್ರೀತಿ ಇಲ್ಲ. ಅದರಲ್ಲಿ ಸೊನ್ನೆ ಬರಬೇಕಾದದ್ದು ಸುಮಾರು ಹತ್ತರಲ್ಲಿ ಒಂದು ಸಲ. ಆ ಪುಟಗಳಲ್ಲಿ ಒಂದು 133 ಇಲ್ಲ, ಒಂದು 87 ಇಲ್ಲ. ನಾನು ಅದನ್ನು ಶಿಕ್ಷಕಿಯೊಬ್ಬರ ಅಚ್ಚುಕಟ್ಟುತನ ಎಂದುಕೊಂಡೆ.

ಜನವರಿಯಲ್ಲಿ ವರ್ಷಕ್ಕೊಮ್ಮೆಯ ಪರೀಕ್ಷೆಗಳನ್ನು ಮಾಡಿಸಿದೆವು. ಇಸಿಜಿಯಲ್ಲಿ ಹೃದಯದ ಎಡ ಕೋಣೆಯ ಗೋಡೆ ದಪ್ಪಗಾಗಿರುವ ಸೂಚನೆ ಇತ್ತು. ಮೂತ್ರದಲ್ಲಿ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ (ದೇಹ ಹೊರಹಾಕುವ ಒಂದು ತ್ಯಾಜ್ಯ) 86 ಮಿಲಿಗ್ರಾಂ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿತ್ತು. 30ಕ್ಕಿಂತ ಕಡಿಮೆ ಇರಬೇಕು. ದಿನವಿಡೀ 130/80 ಇರುವ ದೇಹದಲ್ಲಿ ಈ ಎರಡೂ ಒಟ್ಟಿಗೆ ಕಾಣುವುದು ಅಪರೂಪ. ಪುಸ್ತಕ ಒಂದು ಹೇಳುತ್ತಿತ್ತು, ಹೃದಯ ಮತ್ತು ಮೂತ್ರಪಿಂಡ ಇನ್ನೊಂದು ಹೇಳುತ್ತಿದ್ದವು.

ನಾನು ಮಾಡಿದ್ದು

ಯಂತ್ರ ಕೆಟ್ಟಿರಬಹುದು ಎಂಬುದು ಮೊದಲ ಅನುಮಾನ. ತರಲು ಹೇಳಿದೆ. ಅಂದು ಮಗನೂ ಊರಿಗೆ ಬಂದಿದ್ದರಿಂದ ತಾಯಿಯ ಜೊತೆಯಲ್ಲಿಯೇ ಕ್ಲಿನಿಕ್‌ಗೆ ಬಂದ. ಟೀಚರ್ ಅವರ ತೋಳಿನ ಸುತ್ತಳತೆ 28 ಸೆಂಟಿಮೀಟರ್, ಪಟ್ಟಿ 22ರಿಂದ 32ರವರೆಗಿನದು, ಹೊಂದುತ್ತದೆ. ನಮ್ಮ ಉಪಕರಣದಲ್ಲಿ ಒಮ್ಮೆ, ಅವರದರಲ್ಲಿ ಒಮ್ಮೆ ಎಂದು ಸರದಿಯಂತೆ ಅಳೆದೆವು. ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಯಂತ್ರ ಸರಿಯಾಗಿತ್ತು.

ಆಗ ನಾನು ಕೇಳದೆ, ಹೇಳದೆ ಯಂತ್ರದ ಸ್ಮರಣೆಯ ಗುಂಡಿ ಒತ್ತಿದೆ.

ಒಂದು ಬೆಳಿಗ್ಗೆಯ ಅಳತೆಗಳು ಹೀಗಿದ್ದವು: 6.42ಕ್ಕೆ 158/91, 6.44ಕ್ಕೆ 151/88, 6.46ಕ್ಕೆ 146/86, 6.51ಕ್ಕೆ 138/84. ಪುಸ್ತಕದಲ್ಲಿ ಆ ದಿನದ ಮುಂದೆ ಇದ್ದದ್ದು 130/80. ಹಿಂದಿನ ದಿನವೂ ಅದೇ ರೀತಿ. ಇಳಿಯುವವರೆಗೆ ಅಳೆದು, ಕೊನೆಯದನ್ನು ಇನ್ನೂ ಇಳಿಸಿ ಬರೆದಿದ್ದರು. ನಾನು ಆ ಸಂಖ್ಯೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ, ಮಗನ ಎದುರಿನಲ್ಲಿಯೇ.

"ಅಮ್ಮಾ, ಇಷ್ಟು ದಿನ ಸುಳ್ಳು ಬರೆದು ಕಳಿಸಿದೆಯಾ?" ಎಂದ ಮಗ.

ಮೂವತ್ನಾಲ್ಕು ವರ್ಷ ಮಕ್ಕಳ ಪುಸ್ತಕ ತಿದ್ದಿದ ಮಹಿಳೆ ತಮ್ಮ ಪುಸ್ತಕವನ್ನು ನನ್ನ ಮೇಜಿನಿಂದ ಮೆಲ್ಲಗೆ ಎಳೆದುಕೊಂಡು ಚೀಲಕ್ಕೆ ಹಾಕಿಕೊಂಡರು. ಒಂದು ಮಾತನ್ನೂ ಆಡಲಿಲ್ಲ. ನಾನು ಟೆಲ್ಮಿಸಾರ್ಟಾನ್ ಮತ್ತು ಕ್ಲೋರ್‌ಥ್ಯಾಲಿಡೋನ್ ಎಂಬ ಎರಡು ಹೊಸ ಮಾತ್ರೆಗಳನ್ನು ಬರೆದುಕೊಟ್ಟೆ. ಅವರು ಅವುಗಳನ್ನು ಕೊಳ್ಳಲಿಲ್ಲ. ಎರಡು ವಾರ ಬಿಟ್ಟು ಬರಬೇಕಾಗಿದ್ದವರು ಐದು ವಾರವಾದರೂ ಬರಲಿಲ್ಲ. ಯಂತ್ರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು ಎಂದು ಆಮೇಲೆ ತಿಳಿಯಿತು. ಕಡಿಮೆ ಬರೆದ ಸಂಖ್ಯೆಗಳಾದರೂ ಅದುವರೆಗೆ ಬರುತ್ತಿದ್ದವು. ನಾನು ಅವುಗಳನ್ನೂ ನಿಲ್ಲಿಸಿಬಿಟ್ಟಿದ್ದೆ.

ಜಗಲಿಯ ಮೇಲೆ ತಿಳಿದದ್ದು

ನಮ್ಮ ಕ್ಲಿನಿಕ್‌ನ ನರ್ಸ್ ಟೀಚರ್ ಅವರ ಹಳೆಯ ವಿದ್ಯಾರ್ಥಿನಿ. ಫೆಬ್ರವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ, ಕೆಲಸಕ್ಕೆ ಬರುವ ಮೊದಲು, ಅವರ ಮನೆಗೆ ಹೋದರು. ಬಿಪಿಯ ಮಾತು ತೆಗೆಯಲಿಲ್ಲ. ಟೀಚರ್ ಹಾಲು ಕರೆದು ಮುಗಿಸುವವರೆಗೆ ಕಾದು, ಇಬ್ಬರೂ ಜಗಲಿಯಲ್ಲಿ ಕಾಫಿ ಕುಡಿದ ಮೇಲೆ, "ಟೀಚರ್, ನೀವು ದಿನವೂ ಹೇಗೆ ಅಳೆಯುತ್ತಿದ್ದಿರಿ ಎಂದು ಒಮ್ಮೆ ತೋರಿಸುತ್ತೀರಾ?" ಎಂದು ಕೇಳಿದರು. ಯಾಕೆ ತಪ್ಪು ಬರೆದಿರಿ ಎಂದು ಕೇಳಲಿಲ್ಲ. ಈ ಪ್ರಕರಣದ ದಿಕ್ಕು ಬದಲಾದದ್ದು ಆ ಪ್ರಶ್ನೆಯಿಂದ.

ತೋರಿಸುತ್ತಾ ತೋರಿಸುತ್ತಾ ಟೀಚರ್ ಹೇಳತೊಡಗಿದರು. ಜೂನ್‌ನಲ್ಲಿ ಮಾತ್ರೆ 10ಕ್ಕೆ ಏರಿಸಿದ ಮೂರು ವಾರಕ್ಕೆ ಪಾದ ಊದಿಕೊಂಡಿತು, ಸಂಜೆಯಾದರೆ ಚಪ್ಪಲಿ ಹಿಡಿಸುತ್ತಿರಲಿಲ್ಲ. ಔಷಧದ ಅಂಗಡಿಯವನು ಇದು ಆ ಮಾತ್ರೆಯಿಂದಲೇ ಇರಬಹುದು ಎಂದ. ಅವನ ಮಾತು ಸರಿಯಾಗಿಯೇ ಇತ್ತು. ಅವರು ಅಂದಿನಿಂದ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದರು. ಹೆಚ್ಚು ಸಂಖ್ಯೆ ತೋರಿಸಿದರೆ ಡಾಕ್ಟರ್ ಇನ್ನೂ ಏರಿಸುತ್ತಾರೆ ಎಂಬ ಭಯ ಒಂದು ಕಡೆ.

ಇನ್ನೊಂದು ಕಡೆ ಮಗ. ಪ್ರತಿ ಭಾನುವಾರ ಪುಟದ ಫೋಟೊ ತೆಗೆದು ಅವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕಿತ್ತು. ಮೊದಲ ವಾರ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದ್ದರು. ಅಂದು ಸಂಜೆಯೇ ಫೋನ್ ಬಂತು: ಒಬ್ಬಳೇ ಇರುವುದು ಸಾಕು, ಹಸು ಮಾರಿಬಿಡು, ತೋಟ ಯಾರಿಗಾದರೂ ಗೇಣಿಗೆ ಕೊಡೋಣ, ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಮಗನ ಮನೆ ಒಂಬತ್ತನೆಯ ಮಹಡಿಯಲ್ಲಿದೆ. ಮುಂದಿನ ವಾರ ಅವರು 130/80 ಬರೆದರು. ಫೋನ್‌ನಲ್ಲಿ ಮಗನ ದನಿ ಹಗುರವಾಯಿತು. ತಿಂಗಳು ಕಳೆದು ನಾನೂ ಅದೇ ಸಂಖ್ಯೆ ನೋಡಿ ಸಂತೋಷಪಟ್ಟೆ.

ಅವರು ನರ್ಸ್‌ಗೆ ಹೇಳಿದ ಮಾತನ್ನು ನಾನು ಬರೆದಿಟ್ಟುಕೊಂಡಿದ್ದೇನೆ. "ನೋಡಮ್ಮ, ಅಂಕ ಕಡಿಮೆ ಬಂದರೆ ಪ್ರಗತಿ ಪತ್ರಕ್ಕೆ ತಾವೇ ಅಪ್ಪನ ಸಹಿ ಹಾಕಿಕೊಂಡು ಬರುವ ಮಕ್ಕಳು ಪ್ರತಿ ವರ್ಷ ಒಬ್ಬರಿಬ್ಬರು ಇರುತ್ತಿದ್ದರು. ಹೊಡೆಯುವ ಅಪ್ಪಂದಿರ ಮಕ್ಕಳೇ ಹಾಗೆ ಮಾಡುತ್ತಿದ್ದುದು. ಅದು ಗೊತ್ತಿದ್ದೂ ನಾನು ಅದನ್ನೇ ಮಾಡಿದೆ."

ನರ್ಸ್ ಕಂಡುಕೊಂಡ ಇನ್ನೊಂದು ಸಂಗತಿ ನನ್ನ ಲೆಕ್ಕವನ್ನೂ ಬುಡಮೇಲು ಮಾಡಿತು. ಟೀಚರ್ ಅಳೆಯುತ್ತಿದ್ದುದು ಹಾಲು ಕರೆದು, ಬಾವಿಯಿಂದ ನೀರು ಸೇದಿ, ಕಾಫಿ ಕುಡಿದ ತಕ್ಷಣ; ಜಗಲಿಯ ಅಂಚಿನಲ್ಲಿ ಬೆನ್ನಿಗೆ ಆಸರೆಯಿಲ್ಲದೆ, ಕಾಲು ಇಳಿಬಿಟ್ಟು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ರವಿಕೆಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ. ಇವುಗಳಲ್ಲಿ ಒಂದೊಂದೂ ಸಂಖ್ಯೆಯನ್ನು ಏರಿಸುತ್ತದೆ. ಕೈ ಇಡುವ ಜಾಗವನ್ನೇ ತೆಗೆದುಕೊಳ್ಳಿ. 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯದ ಮಟ್ಟಕ್ಕೆ ಮೇಜಿನ ಮೇಲೆ ಇಟ್ಟ ಕೈಗೆ ಹೋಲಿಸಿದರೆ ತೊಡೆಯ ಮೇಲೆ ಇಟ್ಟಾಗ ಮೇಲಿನ ಸಂಖ್ಯೆ ಸುಮಾರು 4, ಪಕ್ಕಕ್ಕೆ ಜೋತುಬಿಟ್ಟಾಗ ಸುಮಾರು 6.5 ಮಿಲಿಮೀಟರ್ ಹೆಚ್ಚು ಬಂದಿತ್ತು.

ಅಂದರೆ ಪುಸ್ತಕದ 130 ನಿಜವಲ್ಲ, ಯಂತ್ರದ ಸ್ಮರಣೆಯ 158 ಕೂಡ ಪೂರ್ತಿ ನಿಜವಲ್ಲ. ಸುಳ್ಳು ಹಿಡಿದೆ ಎಂಬ ಭಾವದಲ್ಲಿ ನಾನು ಆ ದೊಡ್ಡ ಸಂಖ್ಯೆಯನ್ನೇ ಸತ್ಯ ಎಂದು ಹಿಡಿದು ಎರಡು ಹೊಸ ಔಷಧ ಬರೆದಿದ್ದೆ. ಅವರು ನುಂಗುತ್ತಿರುವುದು ಅರ್ಧ ಮಾತ್ರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅವರು ಅವುಗಳನ್ನು ಕೊಳ್ಳದೆ ಇದ್ದದ್ದು ಒಳ್ಳೆಯದೇ ಆಯಿತು ಎಂದು ಹೇಳಲು ನನಗೆ ಕಷ್ಟವಾಗುತ್ತದೆ, ಆದರೂ ಹೇಳಬೇಕು.

ಹೊಸ ಒಪ್ಪಂದ

ಮಾರ್ಚ್ ಮೊದಲ ವಾರ ನಾನು ಅವರ ಮನೆಗೆ ಹೋದೆ. ಕೇಳದೆ ಯಂತ್ರ ನೋಡಿದ್ದಕ್ಕೂ ಮಗನ ಮುಂದೆ ಓದಿದ್ದಕ್ಕೂ ಕ್ಷಮೆ ಕೇಳಿದೆ. "ಮಾತ್ರೆ ಅರ್ಧ ಮಾಡಿದ್ದನ್ನು ಹೇಳದೆ ಇದ್ದದ್ದು ನನ್ನದೂ ತಪ್ಪೇ ಡಾಕ್ಟರೇ" ಎಂದರು. ಆಮೇಲೆ ಇಬ್ಬರೂ ಕೂತು, ಯಾವ ಸಂಖ್ಯೆ ಬಂದರೆ ಯಾರು ಏನು ಮಾಡುತ್ತಾರೆ ಎಂಬುದನ್ನು ಅವರದೇ ಪುಸ್ತಕದ ಮೊದಲ ಪುಟದಲ್ಲಿ ಬರೆದೆವು.

ಒಂದು ಅಳತೆಯ ಮೇಲೆ, ಒಂದು ದಿನದ ಮೇಲೆ ನಾನು ಔಷಧ ಬದಲಿಸುವುದಿಲ್ಲ. ತಿಂಗಳಿಗೊಮ್ಮೆ ಏಳು ದಿನ ಮಾತ್ರ ಅಳೆಯಬೇಕು, ಉಳಿದ ದಿನ ಯಂತ್ರ ಕಪಾಟಿನಲ್ಲಿಯೇ ಇರಲಿ. ಬೆಳಿಗ್ಗೆ ಮೂತ್ರ ವಿಸರ್ಜನೆ ಮಾಡಿ, ಕಾಫಿ, ಕೊಟ್ಟಿಗೆ, ಮಾತ್ರೆ ಎಲ್ಲಕ್ಕೂ ಮೊದಲು. ಸಂಜೆ ಊಟಕ್ಕೆ ಮೊದಲು. ಒರಗುವ ಕುರ್ಚಿ, ನೆಲಕ್ಕೆ ಊರಿದ ಪಾದ, ಮೇಜಿನ ಮೇಲೆ ದಿಂಬಿಟ್ಟು ಎದೆಯ ಮಟ್ಟಕ್ಕೆ ಕೈ, ಬರಿದಾದ ತೋಳಿಗೆ ಪಟ್ಟಿ, ಐದು ನಿಮಿಷ ಮಾತಿಲ್ಲದೆ ಕೂರುವುದು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳತೆ, ಎರಡನ್ನೂ ಇದ್ದ ಹಾಗೆ ಬರೆಯುವುದು, ಮೂರನೆಯದು ಬೇಡ. ಮೊದಲ ದಿನದ ನಾಲ್ಕನ್ನು ಬಿಟ್ಟು ಉಳಿದ ಇಪ್ಪತ್ನಾಲ್ಕರ ಸರಾಸರಿಯನ್ನು ಟೀಚರ್ ತಾವೇ ತೆಗೆಯಬೇಕು. ಲೆಕ್ಕ ತಮ್ಮ ಕೈಗೆ ಬಂದದ್ದು ಅವರಿಗೆ ಹಿಡಿಸಿತು.

ಎಚ್ಚರಿಕೆಯ ಗೆರೆಯನ್ನೂ ಬರೆದೆವು. ಮೇಲಿನ ಸಂಖ್ಯೆ 180 ಅಥವಾ ಕೆಳಗಿನದು 120 ದಾಟಿದರೆ ಗಾಬರಿಯಾಗದೆ ಐದು ನಿಮಿಷ ಕೂತು ಮತ್ತೆ ಅಳೆಯುವುದು, ಆಗಲೂ ಹಾಗೆಯೇ ಇದ್ದರೆ ನಮಗೆ ಅದೇ ದಿನ ಫೋನ್ ಮಾಡುವುದು. ಅದರ ಜೊತೆ ಎದೆನೋವು, ಉಸಿರುಕಟ್ಟು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದು ಇದ್ದರೂ ಮತ್ತೆ ಅಳೆಯುತ್ತಾ ಕೂರದೆ 108ಕ್ಕೆ ಕರೆ ಮಾಡುವುದು.

ಕಷ್ಟವಾದದ್ದು ಮಗನ ಜೊತೆಗಿನ ಮಾತು. ತಾಯಿಯ ಒಪ್ಪಿಗೆ ಪಡೆದು ಫೋನ್ ಮಾಡಿದೆ. ಅವನು ಕೆಟ್ಟ ಮಗನಲ್ಲ, ಇನ್ನೂರೈವತ್ತು ಕಿಲೋಮೀಟರ್ ದೂರದಲ್ಲಿ ಕೂತು ಭಯಪಡುವ ಮಗ. ಭಾನುವಾರದ ಫೋಟೊ ನಿಲ್ಲಿಸಿ, ತಿಂಗಳ ಸರಾಸರಿ ನನಗೆ ಬರಲಿ, ಬದಲಾವಣೆ ಬೇಕಾದಾಗ ನಿಮ್ಮ ತಾಯಿಯೇ ನಿಮಗೆ ಹೇಳುತ್ತಾರೆ ಎಂದೆ. ಅವನು ಅರ್ಧ ಗಂಟೆ ವಾದಿಸಿದ. ಕೊನೆಗೆ ಅವನನ್ನು ಒಪ್ಪಿಸಿದ್ದು ಒಂದೇ ಮಾತು. ನಲವತ್ತರಿಂದ ಅರವತ್ತೊಂಬತ್ತು ವರ್ಷದವರಲ್ಲಿ ಮೇಲಿನ ಸಂಖ್ಯೆ ಪ್ರತಿ 20 ಏರಿದಾಗ ಪಾರ್ಶ್ವವಾಯುವಿನಿಂದ ಸಾಯುವ ಅಪಾಯ ಇಮ್ಮಡಿಗಿಂತ ಹೆಚ್ಚಾಗುತ್ತದೆ ಎಂದು ಸುಮಾರು ಹತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನ 2002ರಲ್ಲಿಯೇ ತೋರಿಸಿದೆ. "ಅಮ್ಮ 150 ಇದ್ದದ್ದನ್ನು 130 ಎಂದು ಬರೆದರೆ ಆ ಅಪಾಯ ನಮ್ಮಿಬ್ಬರಿಗೂ ಕಾಣದೆ ಉಳಿಯುತ್ತದೆ. ನಾವು ಹೆದರಿಸದೆ ಇದ್ದರೆ ಮಾತ್ರ ಅವರು 150 ಎಂದು ಬರೆಯುತ್ತಾರೆ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಸು ಮಾರುವ ಮಾತು ಇನ್ನು ಆಡುವುದಿಲ್ಲ" ಎಂದ.

ಆದದ್ದು

ಮೊದಲ ಪ್ರಾಮಾಣಿಕ ವಾರದ ಸರಾಸರಿ 147/88. ಒತ್ತಡ ಹೆಚ್ಚೇ ಇದೆ, ಆದರೆ ಎರಡು ಔಷಧ ಒಟ್ಟಿಗೆ ಸೇರಿಸುವಷ್ಟಲ್ಲ. ಅಮ್ಲೋಡಿಪಿನ್ 5ರಲ್ಲಿಯೇ ಇಟ್ಟು ಟೆಲ್ಮಿಸಾರ್ಟಾನ್ 40 ಸೇರಿಸಿದೆ. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿರುವವರಿಗೆ ಅದು ಮೂತ್ರಪಿಂಡಕ್ಕೂ ನೆರವಾಗುತ್ತದೆ. ಆರಂಭಿಸುವ ಮೊದಲು ಮತ್ತು ಮೂರು ವಾರದ ನಂತರ ರಕ್ತದ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿದೆವು, ಸರಿಯಾಗಿದ್ದವು.

ಮಾತು ಒಮ್ಮೆ ಸಲೀಸಾದ ಮೇಲೆ ಉಳಿದದ್ದೂ ಹೊರಬಂತು. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ವಾರದಲ್ಲಿ ನಾಲ್ಕೈದು ದಿನ ನುಂಗುತ್ತಿದ್ದರು. ಅದು ಒತ್ತಡವನ್ನು ಏರಿಸುತ್ತದೆ, ಟೆಲ್ಮಿಸಾರ್ಟಾನ್ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಅಪಾಯ. ಬಿಡಿಸಿ ಪ್ಯಾರಾಸಿಟಮಾಲ್ ಮತ್ತು ವ್ಯಾಯಾಮಕ್ಕೆ ಬದಲಿಸಿದೆವು. ಮಿಡಿ ಉಪ್ಪಿನಕಾಯಿಯನ್ನು ಎರಡು ಹೊತ್ತಿನಿಂದ ವಾರಕ್ಕೆರಡು ದಿನಕ್ಕೆ ಇಳಿಸಿದರು. ಪೂರ್ತಿ ಬಿಡಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಸುಳ್ಳು ಲೆಕ್ಕ ಶುರುವಾಗುತ್ತಿತ್ತು.

ಏಪ್ರಿಲ್ ಸರಾಸರಿ 136/82, ಜೂನ್‌ನದು 129/78. ಎದ್ದು ನಿಂತ ಮೇಲೆ ಒಂದು ಮತ್ತು ಮೂರು ನಿಮಿಷಕ್ಕೆ ಅಳೆದಾಗಲೂ ತಲೆ ತಿರುಗುವಂಥ ಇಳಿತ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೂತ್ರದ ಆಲ್ಬುಮಿನ್ 41ಕ್ಕೆ ಬಂದಿತ್ತು. ಇಸಿಜಿಯಲ್ಲಿ ಬದಲಾವಣೆ ಇನ್ನೂ ಕಂಡಿಲ್ಲ. ಅದಕ್ಕೆ ಹೆಚ್ಚು ಕಾಲ ಬೇಕು.

ಈ ಪ್ರಕರಣದಿಂದ ನಮ್ಮ ಕ್ಲಿನಿಕ್‌ನಲ್ಲಿ ಕೆಲವು ರೂಢಿಗಳು ಬದಲಾದವು. ಒರಗುವ ಕುರ್ಚಿಯೊಂದನ್ನು ಬಿಪಿ ಅಳೆಯಲೆಂದೇ ಮೂಲೆಯಲ್ಲಿ ಹಾಕಿದ್ದೇವೆ, ಐದು ನಿಮಿಷ ಕೂರಿಸದೆ ಅಳೆಯುವುದಿಲ್ಲ. ಯಂತ್ರ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ, ಬರುವಾಗ ಅದನ್ನೂ ತನ್ನಿ, ಇಬ್ಬರೂ ಸೇರಿ ನೋಡೋಣ ಎಂದು ಮೊದಲ ದಿನವೇ ಹೇಳುತ್ತೇವೆ. ಪುಸ್ತಕದಲ್ಲಿ ಸೊನ್ನೆಗಳ ಸಾಲು ಕಂಡರೆ, ಅಥವಾ ಮನೆಯ ಸಂಖ್ಯೆಗೂ ಅಂಗಾಂಗಗಳ ಸ್ಥಿತಿಗೂ ಹೊಂದದೆ ಇದ್ದರೆ, ಬಿಳಿಕೋಟಿನ ವಿವರಣೆಗೆ ಹೋಗುವ ಮೊದಲು ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ: ಎಷ್ಟು ಸಲ ಅಳೆದಿರಿ, ಅದರಲ್ಲಿ ಯಾವುದನ್ನು ಬರೆದಿರಿ, ಈ ಪುಟವನ್ನು ಬೇರೆ ಯಾರು ನೋಡುತ್ತಾರೆ, ಹೆಚ್ಚು ಬಂದರೆ ಮನೆಯಲ್ಲಿ ಏನಾಗುತ್ತದೆ. ಕೊನೆಯ ಎರಡು ಪ್ರಶ್ನೆಗಳು ಯಾವ ಪಠ್ಯಪುಸ್ತಕದಿಂದಲೂ ನನಗೆ ಬಂದವಲ್ಲ. ಕೇಳುವಾಗ ಕೋಣೆಯಲ್ಲಿ ಮಗ, ಸೊಸೆ, ಗಂಡ ಯಾರೂ ಇರದಂತೆ ನೋಡಿಕೊಳ್ಳುತ್ತೇನೆ.

ಅಕ್ಟೋಬರ್‌ನ ಪುಸ್ತಕವನ್ನು ಟೀಚರ್ ಮೇಜಿನ ಮೇಲೆ ಇಟ್ಟಾಗ ಏಳು ದಿನಗಳ ಸಾಲುಗಳಲ್ಲಿ ಐದನೆಯದು ಎದ್ದು ಕಾಣುತ್ತಿತ್ತು. ಉಳಿದ ದಿನಗಳಲ್ಲಿ 127, 133, 131. ಆ ಬೆಳಿಗ್ಗೆ 166/94, ಒಂದು ನಿಮಿಷದ ನಂತರ 161/92. ಉಳಿದವುಗಳಂತೆಯೇ ದುಂಡು ಅಕ್ಷರ, ಅದೇ ನೀಲಿ ಶಾಯಿ, ಎಲ್ಲಿಯೂ ಅಳಿಸಿ ಬರೆದ ಗುರುತಿಲ್ಲ. ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದರು: "ರಾತ್ರಿ ಹಸು ಕರು ಹಾಕಿತು. ನಿದ್ರೆ ಇಲ್ಲ. ಹೆಣ್ಣು ಕರು." ನಾನು ಔಷಧ ಬದಲಿಸಲಿಲ್ಲ.